ಕರೆಂಟ್ ಹೋದಾಗ ನೀರು ಎಲ್ಲಿಗೆ ಹೋಗುತ್ತದೆ?

ಕಾರಹುಣ್ಣಿಮೆ ಕಳೆದು ಮೂರನೇ ರಾತ್ರಿ. ಧಾರವಾಡದಲ್ಲಿ ಗುಡುಗು ಜೋರಾಗಿತ್ತು. ಹತ್ತು ಗಂಟೆಗೆ ಹೋದ ಕರೆಂಟ್ ಯಾವಾಗ ಬಂತೋ ಗೊತ್ತಿಲ್ಲ, ನಾವೆಲ್ಲ ಮಲಗಿದ್ದೆವು. ಎರಡೂವರೆ ಸುಮಾರಿಗೆ ನೀರು ಕುಡಿಯಲು ಎದ್ದ ಮಗಳು ಹಾಲ್‌ನ ಬಾಗಿಲಲ್ಲೇ ನಿಂತು ಕೂಗಿದಳು. "ಅಪ್ಪಾ, ನೆಲಾ ಎಲ್ಲಾ ತೊಯ್ದೈತಿ!"

"ಅಲ್ಲೇ ನಿಲ್ಲು, ಒಳಗ ಕಾಲ್ ಇಡಬ್ಯಾಡ" ಅಂದೆ.

ಅಕ್ವೇರಿಯಂನ ಪಂಪು, ಲೈಟು, ಹೀಟರ್ ಎಲ್ಲದರ ಪ್ಲಗ್ ಇದ್ದ ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆಯೇ ಇತ್ತು. ಮೊದಲು ಓಡಿ ಮೇನ್ ಸ್ವಿಚ್ ಆಫ್ ಮಾಡಿದೆ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ನೀರು ಬೋರ್ಡಿನಿಂದ ಎರಡು ಬೆರಳಷ್ಟು ದೂರದಲ್ಲಿ ನಿಂತಿತ್ತು. ಹೊಸ್ತಿಲ ಆಚೆ ಮಗಳ ಬರಿಗಾಲು. ಆ ಎರಡು ಬೆರಳಿನ ಜಾಗ ಈಗಲೂ ನನ್ನ ಕಣ್ಣ ಮುಂದಿದೆ.

ನಮ್ಮದು ನಾಲ್ಕು ಅಡಿ ಟ್ಯಾಂಕ್. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಕೆಳಗೆ ಸ್ಟ್ಯಾಂಡಿನೊಳಗೆ ಸಂಪ್, ಅಂದರೆ ಇನ್ನೊಂದು ಸಣ್ಣ ಟ್ಯಾಂಕ್. ಮೇಲಿನ ನೀರು ಕೆಳಗಿಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೆ ಹೋಗಬೇಕು. ಹಾಗೆ ಇಳಿಸುವ ವ್ಯವಸ್ಥೆಯೇ ಓವರ್‌ಫ್ಲೋ. ಗಾಜಿಗೆ ತೂತು ಬೇಡ, ಟ್ಯಾಂಕಿನ ಅಂಚಿಗೆ ಈ ಡಬ್ಬಿ ನೇತುಹಾಕಿದರೆ ಸಾಕು ಎಂದು ಅಂಗಡಿಯಲ್ಲಿ ಹೇಳಿದ್ದರು. ಡಬ್ಬಿಯಲ್ಲಿ ಬಗ್ಗಿಸಿದ ಒಂದು ಪೈಪ್. ಡೀಸೆಲ್ ಕ್ಯಾನ್‌ನಿಂದ ಪೈಪ್ ಹಾಕಿ ಬಾಯಿಂದ ಎಳೆದು ಇಳಿಸುತ್ತಾರಲ್ಲ, ಅದೇ ಉಪಾಯ. ಏಳು ತಿಂಗಳು ಚೆನ್ನಾಗಿ ನಡೆಯಿತು.

ಆ ಪೈಪಿನ ಡೊಂಕಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ದಿನಾ ಸೇರುತ್ತಿದ್ದವು. ನೀರು ಹರಿಯುತ್ತಿರುವಾಗ ಗೊತ್ತಾಗುತ್ತಿರಲಿಲ್ಲ. ಕರೆಂಟ್ ಹೋಗಿ ಬಂದಾಗ ಗಾಳಿ ಅಡ್ಡ ನಿಂತು ಎಳೆತ ತಪ್ಪಿತು. ಪಂಪಿಗೆ ಇದೆಲ್ಲ ಏನು ಗೊತ್ತು? ಸಂಪಿನಲ್ಲಿದ್ದ ಸುಮಾರು 20 ಲೀಟರ್ ನೀರನ್ನು ಮೇಲಕ್ಕೆ ತಳ್ಳಿತು. ಮೇಲೆ ಖಾಲಿ ಇದ್ದದ್ದು 2 ಸೆಂಟಿಮೀಟರ್, ಅಂದರೆ 11 ಲೀಟರ್‌ಗೆ ಮಾತ್ರ ಜಾಗ. ಉಳಿದ 9 ಲೀಟರ್ ನೆಲಕ್ಕೆ. ಆಮೇಲೆ ಪಂಪ್ ನೀರಿಲ್ಲದೆ ಒಣಗಿ ತಿರುಗುತ್ತಿತ್ತು, ಸಂಪಿನಲ್ಲಿದ್ದ ಹೀಟರ್ ಅರ್ಧ ಹೊರಗೆ ಬಂದಿತ್ತು. ಮೀನುಗಳಿಗೆ ಏನೂ ಆಗಲಿಲ್ಲ.

ನಮ್ಮದು ಸಪ್ತಾಪುರದಲ್ಲಿ ಬಾಡಿಗೆ ಮನೆ, ಮೇಲಿನ ಮಹಡಿ. ಬೆಳಗ್ಗೆ ಕೆಳಗಿನ ಮನೆಯ ಅಜ್ಜಿಯ ಛತ್ತಿನಲ್ಲಿ ಒದ್ದೆ ಕಲೆ ಕಾಣಿಸಿತು. ಕ್ಷಮೆ ಕೇಳಲು ಹೋದರೆ ಅವರು ಛತ್ತಿನ ಮಾತೇ ಎತ್ತಲಿಲ್ಲ. "ನೀರಿಂದು ಬಿಡು ತಮ್ಮಾ, ಆರ್ತೈತಿ. ನನಗ ಕರೆಂಟಿಂದ ಅಂಜಿಕಿ. ಸಣ್ಣ ಹುಡುಗಿ ಇರೋ ಮನಿ" ಅಂದರು. ಅವತ್ತೇ ಬೋರ್ಡನ್ನು ಗೋಡೆಗೆ ಎತ್ತರದಲ್ಲಿ ಹೊಡೆಸಿದೆ. ವೈರುಗಳು ಪ್ಲಗ್‌ಗಿಂತ ಕೆಳಗೆ ಜೋತುಬಿದ್ದು ಮೇಲೆ ಬರುವಂತೆ ಮಾಡಿದೆ. ಹಾಗಿದ್ದರೆ ವೈರಿನ ಮೇಲೆ ಹರಿದ ಹನಿ ತಳದಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಮುಟ್ಟುವುದಿಲ್ಲ.

ಎಲ್ಲ ಬಿಚ್ಚಿದಾಗ ಇನ್ನೊಂದು ಕಂಡಿತು. ಪಂಪಿನ ಪೈಪಿನಲ್ಲಿ ಒಂದು ಎನ್‌ಆರ್‌ವಿ ಇತ್ತು, ನೀರು ವಾಪಸ್ ಬರದ ಹಾಗೆ ತಡೆಯುವ ವಾಲ್ವ್. ಅದರ ಬಾಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಬಸವನಹುಳು ಅಂಟಿಕೊಂಡಿತ್ತು, ಸುತ್ತ ಪಾಚಿ. ಇವತ್ತಲ್ಲ ನಾಳೆ ಆ ವಾಲ್ವ್ ಮುಚ್ಚುತ್ತಿರಲಿಲ್ಲ. ಪಂಪಿನ ಪೈಪಿನ ತುದಿ ಟ್ಯಾಂಕಿನಲ್ಲಿ 10 ಸೆಂಟಿಮೀಟರ್ ಮುಳುಗಿತ್ತು. ವಾಲ್ವ್ ಮುಚ್ಚದೆ ಕರೆಂಟ್ ಹೋಗಿದ್ದರೆ ಅದೇ ಪೈಪಿನಿಂದ 54 ಲೀಟರ್ ಕೆಳಗೆ ಬರುತ್ತಿತ್ತು. ಸಂಪಿನಲ್ಲಿ ಖಾಲಿ ಇದ್ದದ್ದು 39 ಲೀಟರ್‌ಗೆ. ಈ ಲೆಕ್ಕ ನಾನು ಮೊದಲ ದಿನವೇ ಹಾಕಬೇಕಿತ್ತು.

ಇನ್ನು ತೂತು ಕೊರೆಸುವುದೇ ಸರಿ ಅನ್ನಿಸಿತು. ಒಂದೇ ಪೈಪಿನ ಡರ್ಸೋ ಪದ್ಧತಿ ಬೇಡ ಅಂದುಕೊಂಡೆ. ಅದು ಕಟ್ಟಿಕೊಂಡರೆ ನೀರಿಗೆ ಬೇರೆ ದಾರಿಯೇ ಇಲ್ಲ. ಮೂರು ಪೈಪಿನ ಬೀನ್‌ಆ್ಯನಿಮಲ್ ಎಲ್ಲಕ್ಕಿಂತ ಗಟ್ಟಿ. ಟ್ಯಾಂಕ್ ಇನ್ನೂ ದೊಡ್ಡದಿದ್ದರೆ ಅದನ್ನೇ ಮಾಡಿಸುತ್ತಿದ್ದೆ. ನಮ್ಮ ಅಳತೆಗೆ ಎರಡು ಪೈಪಿನ ಹರ್ಬಿ ಆರಿಸಿದೆ. ಒಂದು ಪೈಪ್ ಪೂರ್ತಿ ತುಂಬಿ ಸದ್ದಿಲ್ಲದೆ ಹರಿಯುತ್ತದೆ, ಅದಕ್ಕೆ ಗೇಟ್ ವಾಲ್ವ್. ಬಾಲ್ ವಾಲ್ವ್ ಸ್ವಲ್ಪ ತಿರುಗಿಸಿದರೂ ಜಾಸ್ತಿ ಬದಲಾಗುತ್ತದೆ, ಕೂದಲೆಳೆಯಷ್ಟು ಹೊಂದಿಸಲು ಗೇಟ್ ವಾಲ್ವೇ ಬೇಕು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ತಂದೆ. ಎರಡನೇ ಪೈಪಿಗೆ ಯಾವ ವಾಲ್ವೂ ಇಲ್ಲ. ಅದು ಒಣಗಿಯೇ ಇರಬೇಕು. ಅದರಲ್ಲಿ ನೀರಿನ ಸದ್ದು ಕೇಳಿದರೆ ಮೊದಲನೆಯದಕ್ಕೆ ಏನೋ ಆಗಿದೆ ಅಂತ.

ಟ್ಯಾಂಕ್ ಮಾಡಿಕೊಟ್ಟ ಗಾಜಿನ ಚಾಚಾ ಬಳಿ ಮೊದಲು ಕೇಳಿದ್ದೇ ಇದು: "ಚಾಚಾ, ಇದು ಟಫನ್ಡ್ ಗಾಜಲ್ಲ ಹೌದಲ್ರೀ?" ಟಫನ್ಡ್ ಗಾಜಿಗೆ ಡ್ರಿಲ್ ಇಟ್ಟರೆ ಪೂರ್ತಿ ಪುಡಿಯಾಗುತ್ತದೆ. "ಸಾದಾ ಗಾಜು, 10 ಎಂಎಂ. ನಾನ ಕೊಯ್ದಿದ್ದು" ಅಂದರು.

ಮೀನುಗಳು ಏರ್ ಪಂಪ್ ಸಮೇತ ಡ್ರಮ್ಮಿಗೆ ಹೋದವು. ಟ್ಯಾಂಕನ್ನು ಹಿಂದಿನ ಗಾಜು ಮೇಲೆ ಬರುವಂತೆ ಮಗುಚಿದೆವು, ಕೆಳಗೆ ಎರಡು ಗಾದಿ. ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ಮಗಳ ಬಳಿ ಎತ್ತು ಮಾಡಿ ಉಳಿದ ಎರೆಮಣ್ಣು ಇತ್ತು. ಕೊರೆಯುವ ಗುರುತಿನ ಸುತ್ತ ಅದರಲ್ಲೇ ಒಂದು ಪುಟ್ಟ ಕಟ್ಟೆ ಕಟ್ಟಿದಳು, ಒಳಗೆ ನೀರು. ಡೈಮಂಡ್ ಬಿಟ್‌ಗೆ ನೀರು ಬೇಕೇ ಬೇಕು, ಇಲ್ಲದಿದ್ದರೆ ಗಾಜು ಕಾಯ್ದು ಸೀಳುತ್ತದೆ. ಚಾಚಾ ನಿಧಾನಕ್ಕೆ ಡ್ರಿಲ್ ತಿರುಗಿಸಿದರು. ಕಟ್ಟೆಯ ನೀರು ಹಾಲಿನಂತೆ ಬೆಳ್ಳಗಾಯಿತು. ಕೊನೆಯ ಒಂದು ಮಿಲಿಮೀಟರ್‌ಗೆ ಒತ್ತುವುದನ್ನೇ ಬಿಟ್ಟರು, ಡ್ರಿಲ್ಲಿನ ಭಾರವೇ ಸಾಕು ಅಂತ. ಟಕ್ ಎಂದು ದುಂಡು ಗಾಜು ಕೆಳಗೆ ಬಿತ್ತು. ಮಗಳು ಅದನ್ನು ಎತ್ತುಗಳ ಪಕ್ಕ ಇಟ್ಟುಕೊಂಡಳು.

ಎರಡೂ ತೂತಿಗೆ ಪೈಪ್ ಕೂಡಿಸುವ ಟ್ಯಾಂಕ್ ನಿಪ್ಪಲ್, ಮುಂದೆ ಹಲ್ಲು ಹಲ್ಲಿನ ಜಾಲರಿ. ಇದೆಲ್ಲ ಬೇಗ ಮುಗಿಯಿತು. ಪರೀಕ್ಷೆಗೆ ಮಾತ್ರ ಪೂರ್ತಿ ಒಂದು ಸಂಜೆ ಕೊಟ್ಟೆ. ಪಂಪಿನ ನೀರನ್ನು 10 ಲೀಟರ್ ಬಕೆಟ್‌ಗೆ ಹಿಡಿದೆ. 30 ಸೆಕೆಂಡಿಗೆ ತುಂಬಿತು, ಅಂದರೆ ತಾಸಿಗೆ 1200 ಲೀಟರ್. ಮೊದಲ ಪೈಪಿನ ವಾಲ್ವ್ ಪೂರ್ತಿ ಮುಚ್ಚಿದೆ. ಎರಡನೆಯದು ಗಳಗಳ ಸದ್ದು ಮಾಡುತ್ತ ಅಷ್ಟೂ ನೀರನ್ನು ತಾನೊಂದೇ ಇಳಿಸಿತು. ಆಮೇಲೆ ಎರಡೂ ಪೈಪಿಗೆ ಬಟ್ಟೆ ತುರುಕಿದೆ. ಈ ಸಲ ಮೇಲೆ 4 ಸೆಂಟಿಮೀಟರ್ ಬಿಟ್ಟಿದ್ದೆ, 21 ಲೀಟರ್‌ಗೆ ಜಾಗ. ಪಂಪ್ ತನ್ನ ಪಾಲಿನ 20 ಲೀಟರ್ ಮುಗಿಸಿ ಬರಿದಾಯಿತು, ನೀರು ಅಂಚಿನ ಕೆಳಗೇ ನಿಂತಿತು.

ಕೊನೆಗೆ ಪ್ಲಗ್ ಕೀಳುವ ಪರೀಕ್ಷೆ. ಪಂಪಿನ ಪೈಪಿನ ತುದಿ ಈಗ ನೀರಿನಲ್ಲಿ ಮುಳುಗಿರುವುದು ಒಂದೂವರೆ ಸೆಂಟಿಮೀಟರ್ ಮಾತ್ರ. ಅಷ್ಟು ಇಳಿದರೆ ಗಾಳಿ ಹೊಕ್ಕು ತಾನಾಗಿಯೇ ನಿಲ್ಲುತ್ತದೆ, ಎನ್‌ಆರ್‌ವಿ ಬೇಕಿಲ್ಲ. ಸಂಪಿನಲ್ಲಿ ನೀರು 5 ಸೆಂಟಿಮೀಟರ್ ಏರಿ ನಿಂತಿತು. ಪ್ಲಗ್ ಮತ್ತೆ ಹಾಕಿದಾಗ ನೀರಿಳಿಸುವ ಮೊದಲ ಪೈಪಿನಲ್ಲಿ ಎಳೆತ ಹಿಡಿಯಲೇ ಇಲ್ಲ. ಸಂಪಿನಲ್ಲಿ ಅದರ ಬುಡ ಜಾಸ್ತಿ ಮುಳುಗಿತ್ತು, ಒಳಗಿನ ಗಾಳಿಗೆ ಹೊರಬರಲು ಆಗುತ್ತಿರಲಿಲ್ಲ. ಕೊಯ್ದು ಎರಡು ಸೆಂಟಿಮೀಟರ್‌ಗೆ ತಂದ ಮೇಲೆ ಸರಿಹೋಯಿತು. ಮಗಳು ಹತ್ತು ಸಲ ಸ್ವಿಚ್ ಆಫ್ ಮಾಡಿ ಆನ್ ಮಾಡಿದಳು. ಹತ್ತೂ ಸಲ ಹಿಡಿಯಿತು. ಸಂಪಿನ ಗಾಜಿಗೆ ಹಸಿರು ಟೇಪ್ ಹಚ್ಚಿದೆವು, ಪಂಪ್ ನಡೆಯುವಾಗ ಅದಕ್ಕಿಂತ ಮೇಲೆ ನೀರು ತುಂಬಬಾರದು.

ನಾಲ್ಕು ದಿನ ಬಿಟ್ಟು ರಾತ್ರಿ ಮತ್ತೆ ಕರೆಂಟ್ ಹೋಯಿತು. ಎದ್ದು ಟಾರ್ಚ್ ಹಿಡಿದು ಸಂಪಿನ ಮುಂದೆ ಕುಳಿತೆ. ನೀರು ಟೇಪ್ ದಾಟಿ ಮೇಲೇರಿ, ಅಂಚಿಗೆ ಒಂದು ಗೇಣು ಇರುವಾಗಲೇ ನಿಂತಿತು. ಅರ್ಧ ತಾಸಿಗೆ ಕರೆಂಟ್ ಬಂತು. ಎರಡನೇ ಪೈಪ್ ಸ್ವಲ್ಪ ಹೊತ್ತು ಗಳಗಳ ಅಂದಿತು, ಆಮೇಲೆ ಸುಮ್ಮನಾಯಿತು. ನೆಲದ ಮೇಲೆ ಕೈಯಾಡಿಸಿ ನೋಡಿದೆ. ಒಣಗಿತ್ತು.