ಅಂಟಿಸಿದ ಬಾಲಯೇಸು

"ಪಾಪು ಇನ್ನೂ ಹುಟ್ಟೇ ಇಲ್ವಲ್ಲ ಅಜ್ಜಿ, ಆಗ್ಲೇ ಯಾಕೆ ಮಲಗವ್ನೆ?"

ಮೊನ್ನೆ ಭಾನುವಾರ, ಮೈಸೂರಿನ ಬನ್ನಿಮಂಟಪದ ಒಂದು ಮನೆ. ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚೆ ಯೇಸುವಿನ ಹುಟ್ಟಿಗೆ ಕಾಯುವ ನಾಲ್ಕು ವಾರಗಳ, ಎರಡನೇ ನೇರಳೆ ಮೇಣದಬತ್ತಿ ಆಗತಾನೇ ಹಚ್ಚಿದ್ದರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ರೆಡಿಮೇಡ್ ಕ್ರಿಬ್ ಮುಂದೆ ಕೂತಿದ್ದ ಆರು ವರ್ಷದ ಹುಡುಗ ಹೀಗೆ ಕೇಳಿದ. ಅಜ್ಜಿ ಬಾಯಿ ತೆರೆಯುವ ಮೊದಲೇ ಅವನಪ್ಪ ಮೊಬೈಲಿನಿಂದ ತಲೆ ಎತ್ತದೆ, "ಅಂಟಿಸ್ಬಿಟ್ಟವ್ರೆ ಕಣೋ, ಬಿಡು" ಅಂದರು.

ಆ "ಬಿಡು" ಇನ್ನೂ ಕಿವಿಯಲ್ಲೇ ಇದೆ. ಅಪ್ಪ ಒಳ್ಳೆಯವರೇ, ಭಾನುವಾರದ ಪೂಜೆ ತಪ್ಪಿಸುವವರಲ್ಲ. ಆದರೆ ಮಗುವಿನ ಆ ಒಂದು ಮಾತಿನಲ್ಲಿ ಇಡೀ ಆಗಮನ ಕಾಲವೇ ಇತ್ತು. ವರ್ಷವಿಡೀ ಧರ್ಮೋಪದೇಶಕ್ಕೆ ಕಳಿಸಿದರೂ ಇಂಥ ಪ್ರಶ್ನೆ ತಾನಾಗಿ ಹುಟ್ಟುವುದು ಅಪರೂಪ.

ಡಿಸೆಂಬರ್ 24ರ ರಾತ್ರಿವರೆಗೆ ಗೋದಲಿ, ಅಂದರೆ ಪಾಪುವನ್ನು ಮಲಗಿಸುವ ಮೇವಿನ ತೊಟ್ಟಿ, ಖಾಲಿ ಇರಬೇಕು. ಅಂಟಿಸಿದ್ದರೆ ಬಿಡಿಸಬಹುದು. ಚಾಕು ಹಾಕಿ ಎಬ್ಬಿದರೆ ಪ್ಲಾಸ್ಟರ್ ಬೊಂಬೆಯ ಕೈ ಮುರಿಯುತ್ತದೆ. ನೀರು ಹಾಕಿದರೆ ಬಣ್ಣ ಏಳುತ್ತದೆ. ಬಿಸಿ ಗ್ಲೂ ಆಗಿದ್ದರೆ ಹೇರ್ ಡ್ರೈಯರ್ ಒಂದೆರಡು ನಿಮಿಷ ಹಿಡಿದು, ಗಟ್ಟಿ ದಾರವನ್ನು ಅಡಿಯಲ್ಲಿ ಗರಗಸದ ಹಾಗೆ ಎಳೆದರೆ ಸಾಕು. ಬಾಲಯೇಸುವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ, ಎಲ್ಲಿಟ್ಟಿದ್ದೀರಿ ಅಂತ ಮಗುವಿಗೂ ಗೊತ್ತಿರಲಿ.

ಖಾಲಿ ಗೋದಲಿಗೆ ಮಗುವೇ ಹಾಸಿಗೆ ಮಾಡಲಿ. ಮಂಡ್ಯ ಕಡೆಯ ಭತ್ತದ ಹುಲ್ಲನ್ನು ಮೂರಿಂಚಿಗೆ ಕತ್ತರಿಸಿ ಪಕ್ಕದಲ್ಲಿಡಿ. ಯಾರಿಗಾದರೂ ಒಂದು ಒಳ್ಳೆಯದು ಮಾಡಿದ ದಿನ ಒಂದು ಎಳೆ. ಎಷ್ಟಾಯ್ತು ಅಂತ ದೊಡ್ಡವರು ಲೆಕ್ಕ ಕೇಳಬಾರದು. ಕೇಳಿದರೆ ಅದು ಮಾರ್ಕ್ಸ್ ಕಾರ್ಡ್ ಆಗುತ್ತದೆ.

ಕ್ರಿಬ್ಬಿನ ಹಸಿರಿಗೆ ರಾಗಿಗಿಂತ ಚೆಂದದ್ದಿಲ್ಲ. 12, 13ನೇ ತಾರೀಕಿಗೆ ಒಂದು ಹಿಡಿ ರಾಗಿ ರಾತ್ರಿ ನೆನೆಹಾಕಿ, ಮಾರನೆಯ ದಿನ ತೂತಿರುವ ತಟ್ಟೆಯಲ್ಲಿ ಒಂದಿಂಚು ಮಣ್ಣು ಹರಡಿ ಚೆಲ್ಲಿ. ನೀರನ್ನು ಕೈಯಿಂದ ಚಿಮುಕಿಸಬೇಕು, ಚೊಂಬಿನಲ್ಲಿ ಹೊಯ್ದರೆ ಕಾಳೆಲ್ಲ ಮೂಲೆ ಸೇರುತ್ತವೆ, ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಕಿಟಕಿ ಬೆಳಕು ಸಿಗದಿದ್ದರೆ ಪೈರು ಹಳದಿಯಾಗಿ ವಾಲುತ್ತದೆ. ಒಣಹುಲ್ಲಿನ ಹತ್ತಿರ ಬಿಸಿಯಾಗುವ ಹಳೇ ಸೀರಿಯಲ್ ಬಲ್ಬ್ ಬೇಡ, ಎಲ್‌ಇಡಿ ಹಾಕಿ.

1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಗೆ ಹುಲ್ಲು ಹಾಸಿ ಎತ್ತು, ಕತ್ತೆ ನಿಲ್ಲಿಸಿದ್ದು ಯೇಸು ಹುಟ್ಟಿದ ಬಡತನ ಜನರ ಕಣ್ಣಿಗೆ ಕಾಣಲಿ ಅಂತ. "ಬಿಡು" ಅನ್ನುವ ಅಪ್ಪಂದಿರಿಗೂ ಅದು ಕಾಣಬೇಕು.

24ರ ರಾತ್ರಿ ಲೈಟ್ ಆರಿಸಿ, ಬೈಬಲಿನ ಲೂಕನ ಸುವಾರ್ತೆ 2ನೇ ಅಧ್ಯಾಯದ ಮೊದಲ ಏಳು ವಚನ ಅಪ್ಪನೇ ಓದಲಿ. "ಗೋದಲಿಯಲ್ಲಿ" ಎಂಬ ಮಾತು ಬಂದಾಗ ಮನೆಯ ಕಿರಿಯ ಮಗು ಎರಡೂ ಅಂಗೈಯಲ್ಲಿ ಬಾಲಯೇಸುವನ್ನು ತಂದು ಮಲಗಿಸಲಿ. ಬಾಲಯೇಸುವನ್ನು ನೋಡಲು ದೂರದಿಂದ ಬರುವ ಮೂವರು ರಾಜರ ಬೊಂಬೆಗಳು ಆಗಿನ್ನೂ ಕಿಟಕಿಯ ಹತ್ತಿರವೇ ಇರುತ್ತವೆ. ದಿನಕ್ಕೊಂದು ಗೇಣು ಸರಿಸುತ್ತಾ ಬಂದರೆ ರಾಜರು ತಮ್ಮ ಹಬ್ಬದ ದಿನವಾದ ಜನವರಿ 6ಕ್ಕೆ ತಲುಪುತ್ತಾರೆ.