ಚರಂಡಿಯೊಳಗಿನ ಕೊಡುಕೊಳ್ಳುವಿಕೆ

ನುಂಗಿದ ಪ್ರತಿಜೀವಕ ಮಾತ್ರೆ ದೇಹದೊಳಗೇ ಮುಗಿದುಹೋಗುತ್ತದೆಂದು ನಾವು ತಿಳಿದಿರುತ್ತೇವೆ. ಆದರೆ ಅಂಥದೊಂದು ಪ್ರತಿಜೀವಕವಾದ ಅಮಾಕ್ಸಿಸಿಲಿನ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಕೆಲವೇ ಗಂಟೆಗಳಲ್ಲಿ ಮೂತ್ರದೊಂದಿಗೆ ಹಾಗೆಯೇ ಹೊರಬಿದ್ದು ಚರಂಡಿ ಸೇರುತ್ತದೆ. ಅಲ್ಲಿ ಕೊಳವೆಯ ಒಳಮೈಗಂಟಿದ ಲೋಳೆಪದರದಲ್ಲಿ ಒತ್ತೊತ್ತಾಗಿ ಬದುಕುವ ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳನ್ನು ಒಂದಕ್ಕೊಂದು ದಾಟಿಸುವುದರಿಂದ, ಔಷಧಕ್ಕೆ ಮಣಿಯದ ಗುಣವು ಸ್ವಂತ ಸಂತತಿಗಷ್ಟೇ ಅಲ್ಲದೆ ಬೇರೆ ಜಾತಿಯ ನೆರೆಯವಕ್ಕೂ ಹಬ್ಬುತ್ತದೆ. ನಗರದ ಶುದ್ಧೀಕರಣ ಘಟಕಗಳು ಇಂಥ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು ತಗ್ಗಿಸುತ್ತವೆ, ಅಳಿಸುವುದಿಲ್ಲ.

ಇದು ಕೇವಲ ನಗರದ, ಆಸ್ಪತ್ರೆಯ ಪೀಡೆ ಎಂಬ ಮಾತನ್ನು ನಾನು ಒಪ್ಪಲಾರೆ. ಕೊಟ್ಟಿಗೆ ತೊಳೆದ ನೀರೂ ಶೌಚಗುಂಡಿಯ ಸೋರಿಕೆಯೂ ಯಾವ ಘಟಕವನ್ನೂ ಹಾಯದೆ ನೇರವಾಗಿ ಹಳ್ಳಿಯ ಬಾವಿಯತ್ತ ಇಳಿಯಬಲ್ಲವು. ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಎದುರಿಸುವ, ಪ್ಲಾಸ್ಮಿಡ್ ಮೇಲೆ ಸಾಗುವ ಎಂಸಿಆರ್-1 ಜೀನ್ 2015ರಲ್ಲಿ ಮೊದಲು ವರದಿಯಾದಾಗ, ಅದರ ಸುಳಿವು ಸಿಕ್ಕಿದ್ದು ಚೀನಾದ ಹಂದಿ ಸಾಕಣೆಯಲ್ಲಿ.