ನೋಟು ಎಣಿಸೋ ಕೆಲಸ ಅಲ್ಲ ಮಾರಾಯ್ರೆ

ನಮ್ಮ ಕೊಡಗಿನ ಸೋಮವಾರಪೇಟೆ ಕಡೆ ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಅಂದರೆ ನೋಟು ಎಣಿಸುವುದು ಅಂತಲೇ ತಿಳಿದಿದ್ದಾರೆ. ನಾನು ನೋಟು ಮುಟ್ಟುವುದೇ ಇಲ್ಲ. ಬ್ಯಾಂಕುಗಳಿಂದ ರಿಟರ್ನ್ (ಅಂದರೆ ಅವು ಕಳಿಸಬೇಕಾದ ಲೆಕ್ಕದ ವರದಿ) ತರಿಸಿಕೊಂಡು, ಅದರಲ್ಲಿರುವ ಅಂಕಿ ನಂಬುವಂಥದ್ದಾ ಅಂತ ನೋಡುತ್ತೇನೆ, ಅಷ್ಟೇ.

ಬಿಎಸ್ಆರ್ (ಬೇಸಿಕ್ ಸ್ಟ್ಯಾಟಿಸ್ಟಿಕಲ್ ರಿಟರ್ನ್) ಅಂತ ಒಂದು ರಿಟರ್ನ್ ಇದೆ, 1972ರಿಂದ ನಡೆದು ಬಂದದ್ದು. ಸಾಲ ಯಾವ ಜಿಲ್ಲೆಯದ್ದು, ಯಾವ ಕಸುಬಿಗೆ, ಬಡ್ಡಿ ಎಷ್ಟು, ಬಾಕಿ ಎಷ್ಟು, ಎಲ್ಲ ಅದರಲ್ಲಿರುತ್ತೆ. 2023ರಲ್ಲಿ ಸಿಐಎಂಎಸ್, ಅಂದರೆ ಬ್ಯಾಂಕುಗಳ ಅಂಕಿಯೆಲ್ಲ ಬಂದು ಸೇರುವ ರಿಸರ್ವ್ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆ, ಶುರುವಾಯಿತು. ಕೂಡಿಸಿ ಕಳೆಯುವ ತಪ್ಪನ್ನು ಕಂಪ್ಯೂಟರೇ ಹಿಡಿಯುತ್ತೆ. ಆದರೆ ಲೆಕ್ಕ ಸರಿಯಿದ್ದೂ ವಿಷಯ ಸುಳ್ಳಾಗಿರಬಹುದು, ಅಲ್ವಾ? ರೂಪಾಯಿಯಲ್ಲಿ ತುಂಬಬೇಕಾದ್ದನ್ನು ಯಾರೋ ಲಕ್ಷದಲ್ಲಿ ತುಂಬಿದರು ಅಂತಿಟ್ಟುಕೊಳ್ಳಿ. ಒಳಗಿನ ಮೊತ್ತ ಎಲ್ಲ ತಾಳೆಯಾಗುತ್ತೆ, ಆದರೆ ಹಿಂದಿನ ಮೂರು ತಿಂಗಳ ಅಂಕಿ ಪಕ್ಕಕ್ಕಿಟ್ಟು ನೋಡಿದರೆ ಇಡೀ ಕೊಡಗೇ ಒಂದೇ ಸಲ ಸಾಲ ತೀರಿಸಿ ಕೈ ತೊಳೆದುಕೊಂಡ ಹಾಗೆ ಕಾಣುತ್ತೆ. ಮಳೆಗೆ ಮೆಣಸು ಉದುರಿದ ವರ್ಷ ಅದನ್ನು ಯಾರು ನಂಬುತ್ತಾರೆ?

ಜಾಸ್ತಿ ತಲೆ ತಿನ್ನುವುದು ಕಸುಬಿನ ಕೋಡು, ಅಂದರೆ ಸಾಲ ಯಾವ ಕಸುಬಿಗೆ ಅಂತ ಬ್ಯಾಂಕು ಬರೆಯುವ ಸಂಕೇತ. ಬ್ಯಾಂಕುಗಳು ಕೆಲವು ಕ್ಷೇತ್ರಗಳಿಗೆ ಇಂತಿಷ್ಟು ಸಾಲ ಕೊಡಲೇಬೇಕು, ಅದಕ್ಕೆ ಆದ್ಯತಾ ವಲಯ ಅಂತಾರೆ; ಅದರಲ್ಲಿ ಕೃಷಿಗೇ ಬ್ಯಾಂಕಿನ ಒಟ್ಟು ಸಾಲದ ಲೆಕ್ಕದಲ್ಲಿ ಸುಮಾರು ಶೇ. 18ರ ಗುರಿ ಇದೆ. ಹಾಗಾಗಿ ತೋಟದವರು ಯಾವುದಕ್ಕೆ ಸಾಲ ತಗೊಂಡರೂ ಕೃಷಿ ಅಂತ ಬರೆಯುವ ಆಸೆ ಸಹಜ. ಊರಿನವಳಾದ್ದರಿಂದ ನನಗೆ ಬೇಗ ವಾಸನೆ ಬಡಿಯುತ್ತೆ. ಕಾಫಿ ಬೆಳೆಸಾಲ ಅಂತಿದ್ದದ್ದು ವಿಚಾರಿಸಿದರೆ ಹೋಂಸ್ಟೇ ಕಟ್ಟಿದ ಸಾಲ. ಬ್ಯಾಂಕಿನ ಕಡೆಯಿಂದ ಬಂದ ಉತ್ತರ:

"ಮೇಡಂ, ಹೋಂಸ್ಟೇ ತೋಟದೊಳಗೇ ಇದೆಯಲ್ಲ!"